ಜೀವಕ್ಕೆ ಭೂಮಿಯಲ್ಲಿ ಏನು ಕೆಲಸ?

ಜೀವ ಈ ಲೋಕಕ್ಕೆ ಬಂದದ್ದು ಯಾಕೆ ಎಂದು ಕೇಳಿದರೆ ಭಾರತದ ದರ್ಶನಗಳು ಬಿಡಿಸಿಕೊಂಡು ಹೋಗುವುದಕ್ಕೆ ಎನ್ನುತ್ತವೆ, ಯಹೂದಿ ಅನುಭಾವಿಗಳು ಕೆಲಸ ಮುಗಿಸುವುದಕ್ಕೆ ಎನ್ನುತ್ತಾರೆ. ತೌಲನಿಕ ಧರ್ಮಾಧ್ಯಯನದಲ್ಲಿ ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಒರೆಗೆ ಹಚ್ಚುವ ಗೊಡವೆಗೆ ಯಾರೂ ಹೋಗುವುದಿಲ್ಲ. ಒರೆಗೆ ಹಚ್ಚಬೇಕಾದರೆ ‘ಭಾರತ’ ಎಂಬಷ್ಟು ದೊಡ್ಡ ಹೆಸರನ್ನು ಬಿಟ್ಟು ಒಂದು ಸಣ್ಣ ಸೀಮೆಗೆ ಇಳಿಯುವುದು ಒಳ್ಳೆಯದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. ಇಲ್ಲಿ ಮಾಧ್ವರ ಅಬ್ಬೂರು ಇದೆ, ಶರಣ ಪರಂಪರೆಯ ಮಠಗಳಿವೆ, ಸೂಫಿಗಳ ಗೋರಿಗಳಿವೆ, ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯವಿದೆ. ಒಂದು ದಿನದ ದಾರಿಯೊಳಗೆ ಒಂದೇ ಪ್ರಶ್ನೆಗೆ ನಾಲ್ಕು ಬಗೆಯ ಉತ್ತರ ಸಿಗುತ್ತದೆ. ಯಹೂದಿಯರ ನೆಲೆ ಮಾತ್ರ ಇಲ್ಲಿಲ್ಲ. ಅವರ ಹತ್ತಿರದ ಗುರುತೆಂದರೆ ಬೆಂಗಳೂರಿನ ಮೈಸೂರು ರಸ್ತೆಯ ಪಕ್ಕದಲ್ಲಿ ಕಳೆದ ಶತಮಾನದ ಆರಂಭದಿಂದ ಇರುವ ಸಣ್ಣ ಸ್ಮಶಾನ. ಆದ್ದರಿಂದ ಯಾರು ಯಾರಿಂದ ಪಡೆದರು ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ನನ್ನ ವಾದ ಇಷ್ಟು: ಲೋಕವನ್ನು ಕೆಲಸದ ಜಾಗವೆಂದು ಕಾಣುವುದು ಯಹೂದಿಯರ ಸ್ವತ್ತೇನೂ ಅಲ್ಲ, ಈ ಸೀಮೆಯಲ್ಲೂ ಅದು ಗಟ್ಟಿಯಾಗಿತ್ತು. ಎರಡೂ ಕಡೆಯನ್ನು ನಿಜವಾಗಿ ಬೇರೆ ಮಾಡುವುದು ಇನ್ನೊಂದು ಪ್ರಶ್ನೆ. ಆ ಕೆಲಸ ದೇವರಿಗೆ ಬೇಕೇ?

ಮೊದಲು ಯಹೂದಿಯರ ಮಾತನ್ನೇ ನೋಡೋಣ, ಏಕೆಂದರೆ ಅದೂ ಒಂದೇ ಮಾತಲ್ಲ. ಜೀವ ಮತ್ತೆ ಮತ್ತೆ ಹುಟ್ಟಿ ಬರುತ್ತದೆ ಎಂಬ ನಂಬಿಕೆಯನ್ನು 10ನೇ ಶತಮಾನದ ಪಂಡಿತ ಸಾದಿಯಾ ಗಾಓನ್ ಹುಚ್ಚುಮಾತೆಂದು ತಳ್ಳಿಹಾಕಿದ್ದರು. 12ನೇ ಶತಮಾನದ ಕೊನೆಗೆ ದಕ್ಷಿಣ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ‘ಬಾಹಿರ್’ ಎಂಬ ಪುಸ್ತಕ ಅದೇ ನಂಬಿಕೆಯನ್ನು ಗುಟ್ಟಿನ ಮಾತಾಗಿ ಎತ್ತಿಕೊಂಡಿತು. ಮುಂದಿನ ಶತಮಾನದ ಕೊನೆಯಲ್ಲಿ ಸ್ಪೇನಿನ ಕಾಸ್ಟೀಲ್ ಸೀಮೆಯಲ್ಲಿ ‘ಜೋಹರ್’ ಹೊರಬಂತು. ಅದನ್ನು ಬರೆದವರಲ್ಲಿ ಮುಖ್ಯರೆಂದು ವಿದ್ವಾಂಸರು ಹೇಳುವ ಮೋಸೆಸ್ ದೆ ಲೆಯೋನ್ 1305ರಲ್ಲಿ ತೀರಿಕೊಂಡರು. ನಮ್ಮ ಉಡುಪಿಯ ಮಧ್ವಾಚಾರ್ಯರು ಅವರ ಸಮಕಾಲೀನರು. ಜೋಹರ್‌ನಲ್ಲಿ ಆತ್ಮಕ್ಕೆ ಮೆಟ್ಟಿಲುಗಳಿವೆ: ಮೈಗೆ ಅಂಟಿದ ಪ್ರಾಣ, ಅದರ ಮೇಲೆ ಭಾವದ ಉಸಿರು, ಅದರ ಮೇಲೆ ದೇವರ ಕಡೆಯಿಂದ ಬಂದ ಅರಿವು. ಎಲ್ಲರಿಗೂ ಕೆಳಗಿನದು ಹುಟ್ಟಿನಿಂದಲೇ ಬರುತ್ತದೆ, ಮೇಲಿನದನ್ನು ನಡತೆಯಿಂದ ಗಳಿಸಬೇಕು. ಮನುಷ್ಯನ ಒಳ್ಳೆಯ ನಡತೆಯಿಂದ ದೇವರ ಒಳಗಿನ ಶಕ್ತಿಗಳೇ ಒಂದಕ್ಕೊಂದು ಕೂಡುತ್ತವೆ, ಕೆಟ್ಟ ನಡತೆಯಿಂದ ಅಗಲುತ್ತವೆ ಎಂಬುದು ಜೋಹರ್‌ನ ದಿಟ್ಟ ಮಾತು. ಸಾದಿಯಾರಂಥ ತರ್ಕಪಂಡಿತರಿಗೆ ಇದು ಹೇಗೆ ಒಪ್ಪಿಗೆಯಾದೀತು? ದೇವರು ಪೂರ್ಣನಾಗಿದ್ದರೆ ಮನುಷ್ಯನ ನಡತೆ ಅವನನ್ನು ಮುಟ್ಟುವುದು ಹೇಗೆ ಎಂಬ ತಕರಾರು ಯಹೂದಿ ಮನೆಯೊಳಗೇ ಎದ್ದಿತ್ತು ಎಂಬುದನ್ನು ಮುಂದಿನ ಹೋಲಿಕೆಗಾಗಿ ನೆನಪಿಡಬೇಕು.

ಈ ಮಾತನ್ನು ಕೊನೆಯವರೆಗೆ ಎಳೆದವರು ಐಸಾಕ್ ಲೂರಿಯಾ. 1534ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಬೆಳೆದು, 1570ರಲ್ಲಿ ಗಲಿಲೀ ಬೆಟ್ಟಗಳ ಸಫೇದ್ ಊರಿಗೆ ಬಂದರು. ಎರಡೇ ವರ್ಷಕ್ಕೆ ಪಿಡುಗಿನಲ್ಲಿ ತೀರಿಕೊಂಡರು. ತಾವಾಗಿ ಬರೆದದ್ದು ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಸಿಗುವುದು ಶಿಷ್ಯ ಹಯೀಮ್ ವಿಟಾಲ್ ಬರೆದಿಟ್ಟದ್ದು. ಅವರ ಕಥನದಲ್ಲಿ ಅನಂತನಾದ ದೇವರು ಲೋಕಕ್ಕೆ ಜಾಗ ಮಾಡಿಕೊಡಲು ಮೊದಲು ತನ್ನನ್ನು ತಾನೇ ಹಿಂದಕ್ಕೆಳೆದುಕೊಳ್ಳುತ್ತಾನೆ. ಖಾಲಿಯಾದ ಜಾಗಕ್ಕೆ ಹರಿದ ಬೆಳಕನ್ನು ಹಿಡಿಯಬೇಕಾದ ಪಾತ್ರೆಗಳು ಆ ರಭಸ ತಡೆಯದೆ ಒಡೆಯುತ್ತವೆ. ಬೆಳಕಿನ ಕಿಡಿಗಳು ಚೂರುಗಳ ಜೊತೆ ಕೆಳಗೆ ಬಿದ್ದು ಕಲ್ಲು, ಗಿಡ, ಪ್ರಾಣಿ, ಮನುಷ್ಯರೊಳಗೆ ಸಿಕ್ಕಿಕೊಳ್ಳುತ್ತವೆ. ಚೂರುಗಳು ಸಿಪ್ಪೆಯಾಗಿ ಅವನ್ನು ಮುಚ್ಚುತ್ತವೆ. ಕಿಡಿಗಳನ್ನು ಎತ್ತಿ ಮೂಲಕ್ಕೆ ಸೇರಿಸುವುದಕ್ಕೆ ‘ತಿಕ್ಕುನ್’, ಅಂದರೆ ಸರಿಪಡಿಸುವಿಕೆ, ಎಂದು ಹೆಸರು. ಜೀವ ಇಲ್ಲಿಗೆ ಬಂದದ್ದು ಅದಕ್ಕೇ. ಪ್ರತಿ ಜೀವಕ್ಕೂ ಆದಿಮಾನವನ ಮೈಯಲ್ಲಿ ಒಂದು ಬೇರಿದೆ, ಅದರ ಪಾಲಿನ ಕಿಡಿಗಳನ್ನು ಬೇರೆಯವರು ಎತ್ತಲಾರರು. ಧರ್ಮಶಾಸ್ತ್ರದ 613 ವಿಧಿಗಳಲ್ಲಿ ತನ್ನ ಪಾಲಿಗೆ ಉಳಿದದ್ದನ್ನು ತೀರಿಸಲು ಜೀವ ಮತ್ತೆ ಹುಟ್ಟುತ್ತದೆ. ಸಿಪ್ಪೆಗೆ ಸ್ವಂತ ಬಲವಿಲ್ಲ, ಒಳಗಿನ ಕಿಡಿಯಿಂದಲೇ ಅದು ನಿಂತಿದೆ. ಎಲ್ಲ ಕಿಡಿ ಮೇಲೆದ್ದ ದಿನ ಸಿಪ್ಪೆ ತಾನಾಗಿ ಇಲ್ಲವಾಗುತ್ತದೆ. ರಾಮನಗರದ ಬಿಚ್ಚಾಣಿಕೆ ಕೇಂದ್ರಗಳಲ್ಲಿ ರೇಷ್ಮೆ ಗೂಡಿನ ಗೋಡೆಯೇ ಎಳೆಯಾಗಿ ಹೊರಬರುವುದನ್ನು ಕಂಡವರಿಗೆ ಈ ಮಾತು ಬೇಗ ಹಿಡಿಯುತ್ತದೆ. ಎಳೆ ಪೂರ್ತಿ ಬಿಚ್ಚಿಕೊಂಡರೆ ಗೂಡೆಂಬುದು ಉಳಿಯುವುದೇ ಇಲ್ಲ.

ಲೂರಿಯಾರ ನಂತರದವರು ಈ ಕಥನವನ್ನು ಎರಡು ಕಡೆಗೆ ಎಳೆದರು. ಇಟಲಿಯ ಮೋಶೆ ಹಯೀಮ್ ಲುತ್ಸಾತ್ತೊ (ಹುಟ್ಟಿದ್ದು 1707ರಲ್ಲಿ) ಒಡೆದ ಪಾತ್ರೆಯ ಬದಲು ನೀತಿಯ ಕಡೆ ಒತ್ತು ಹಾಕಿದರು. ದೇವರು ಒಳ್ಳೆಯದನ್ನು ಕೊಡಬಯಸಿದ. ಆದರೆ ದುಡಿಯದೆ ಪಡೆದ ಅನ್ನ ತಿನ್ನುವವನ ತಲೆ ತಗ್ಗಿಸುತ್ತದೆ, ಆದ್ದರಿಂದ ಜೀವ ತನ್ನ ಒಳಿತನ್ನು ತಾನೇ ಗಳಿಸಲೆಂದು ಆಯ್ಕೆಯಿರುವ ಈ ಲೋಕಕ್ಕೆ ಕಳುಹಿಸಿದ. ನಾಚಿಕೆಯ ಅನ್ನವೆಂಬ ಈ ಕಲ್ಪನೆ ಅವರಿಗಿಂತ ಹಳೆಯದು, ಅದರ ಮೇಲೆ ಪೂರ್ತಿ ದರ್ಶನ ಕಟ್ಟಿದವರು ಅವರು. ಇನ್ನೊಂದು ಕಡೆ ಪೂರ್ವ ಯೂರೋಪಿನ ಹಸೀದಿ ಗುರುಗಳು. ಶ್ನೆಯೂರ್ ಜಲ್ಮನ್ 1796ರಲ್ಲಿ ಅಚ್ಚು ಹಾಕಿಸಿದ ‘ತನ್ಯಾ’ದ ಪ್ರಕಾರ ದೇವರಿಗೆ ಮೇಲಿನ ಲೋಕಗಳಿಗಿಂತ ಈ ಕೆಳಗಿನ ಲೋಕದಲ್ಲೇ ಮನೆ ಬೇಕಾಗಿದೆ, ಜೀವ ಬಂದದ್ದು ತನ್ನ ಉದ್ಧಾರಕ್ಕಲ್ಲ, ಈ ಮೈಯನ್ನೂ ಈ ವಸ್ತುಗಳನ್ನೂ ಆ ಮನೆಗೆ ತಕ್ಕಂತೆ ಮಾಡುವುದಕ್ಕೆ. ಲುತ್ಸಾತ್ತೊ ಪ್ರಕಾರ ಕೆಲಸ ಮಾಡುವವನಿಗೆ ಕೆಲಸ ಬೇಕು, ಹಸೀದಿಗಳ ಪ್ರಕಾರ ಮಾಡಿಸುವವನಿಗೆ ಬೇಕು. ಒಂದೇ ಪರಂಪರೆಯೊಳಗಿನ ಈ ಬಿರುಕನ್ನು ಕಾಣದೆ ‘ಯಹೂದಿ ಉತ್ತರ’ ಎಂದು ಒಂದನ್ನೇ ಎತ್ತಿ ಹಿಡಿದರೆ ಹೋಲಿಕೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ.

ಈಗ ಕಣ್ವಾ ನದಿಯ ದಡಕ್ಕೆ ಬರೋಣ. ಚನ್ನಪಟ್ಟಣದ ಪಕ್ಕದ ಅಬ್ಬೂರು ಮಾಧ್ವ ಇತಿಹಾಸದಲ್ಲಿ ಸಣ್ಣ ಊರಲ್ಲ. ಬ್ರಹ್ಮಣ್ಯತೀರ್ಥರ ಬೃಂದಾವನ ಇರುವುದು ಇಲ್ಲಿ. ಕನ್ನಡ ಕೀರ್ತನೆಗೆ ದಾರಿ ಹಾಕಿಕೊಟ್ಟ ಶ್ರೀಪಾದರಾಜರು ಹುಟ್ಟಿದ್ದು ಈ ಆಸುಪಾಸಿನಲ್ಲಿ. ಬನ್ನೂರಿನಲ್ಲಿ ಹುಟ್ಟಿದ ವ್ಯಾಸತೀರ್ಥರು ಬ್ರಹ್ಮಣ್ಯತೀರ್ಥರ ಕೈಯಲ್ಲಿ ಸನ್ಯಾಸ ಪಡೆದದ್ದು ಇಲ್ಲೇ ಎಂದು ಪರಂಪರೆ ಹೇಳುತ್ತದೆ. ವ್ಯಾಸತೀರ್ಥರು ವಿಜಯನಗರದ ರಾಜಗುರುಗಳಾಗಿ 1539ರಲ್ಲಿ ತೀರಿಕೊಂಡರು, ಲೂರಿಯಾಗೆ ಆಗ ಐದು ವರ್ಷ. ದ್ವೈತದ ಪ್ರಕಾರ ಜೀವವನ್ನು ಯಾರೂ ಹುಟ್ಟಿಸಿದ್ದಲ್ಲ, ಅದು ಅನಾದಿ. ಪ್ರತಿ ಜೀವಕ್ಕೂ ಬೇರೆಯವರಿಗಿಲ್ಲದ ಸ್ವರೂಪವೊಂದಿದೆ, ಅದು ಅನಾದಿಯಾದ ಲಿಂಗದೇಹದಿಂದ ಮುಚ್ಚಿಹೋಗಿದೆ. ಸೃಷ್ಟಿಯಾಗುವುದು ಆ ಮುಚ್ಚಳ ಸವೆದು ಸ್ವರೂಪ ಹೊರಬರಲಿ ಎಂದು. ಸಾಧನೆ ಮಾಡಲು ಮೈ, ಇಂದ್ರಿಯ, ಲೋಕ ಎಲ್ಲವೂ ಬೇಕು. ಇದನ್ನು ಲೋಕದಿಂದ ತಪ್ಪಿಸಿಕೊಳ್ಳುವ ದರ್ಶನವೆಂದು ಕರೆಯುವವರು ಒಂದು ಮುಖ್ಯ ಅಂಶ ಮರೆಯುತ್ತಾರೆ. ದ್ವೈತಕ್ಕೆ ಲೋಕ ಸತ್ಯ, ಮಾಯೆಯಲ್ಲ. ಮುಕ್ತಿಯಲ್ಲೂ ಜೀವ ಕರಗುವುದಿಲ್ಲ, ಅದರ ಪಾಲಿನ ಆನಂದ ಅದಕ್ಕೇ ಮೀಸಲು. ಮುಕ್ತರ ಆನಂದದಲ್ಲೂ ತಾರತಮ್ಯವಿದೆಯೆಂದು ವ್ಯಾಸತೀರ್ಥರು ‘ನ್ಯಾಯಾಮೃತ’ದ ಕೊನೆಯ ಭಾಗದಲ್ಲಿ ಪಟ್ಟು ಹಿಡಿದು ವಾದಿಸಿದ್ದು ಇದಕ್ಕಾಗಿ. ಪ್ರತಿ ಜೀವದ ಕೆಲಸ ಅದರದೇ, ಇನ್ನೊಬ್ಬರು ಮಾಡಿಕೊಡಲಾಗದು ಎಂಬಲ್ಲಿ ಅಬ್ಬೂರೂ ಸಫೇದೂ ಒಟ್ಟಿಗೆ ನಿಲ್ಲುತ್ತವೆ.

ಅಲ್ಲಿಂದ ಮುಂದೆ ಎರಡೂ ಬೇರೆಯಾಗುತ್ತವೆ. ದೇವರು ಸೃಷ್ಟಿ ಮಾಡಿದ್ದು ಯಾವ ಪ್ರಯೋಜನಕ್ಕೆ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರದ ಉತ್ತರ ಲೀಲೆ. ಸುಖ ಉಕ್ಕಿದವನು ಏನನ್ನೂ ಬಯಸದೆ ಕುಣಿಯುವಂತೆ ಎಂದು ಮಧ್ವರು ಅದನ್ನು ವಿವರಿಸುತ್ತಾರೆ. ಕುಣಿಯುವವನಿಗೆ ಕೊರತೆಯಿಲ್ಲ, ಅವನ ಪಾತ್ರೆ ಒಡೆದಿಲ್ಲ. ಅಬ್ಬೂರಿಗೆ ದೂರವಲ್ಲದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿರುವ ಅಂಬೆಗಾಲು ಕೃಷ್ಣನ ಮುಂದೆ ಪುರಂದರದಾಸರು ‘ಜಗದೋದ್ಧಾರನ’ ಹಾಡಿದರೆಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿದೆ. ಆ ಕೀರ್ತನೆಯ ಬೆರಗು ಇರುವುದೇ ಲೋಕವನ್ನೆತ್ತುವವನನ್ನು ತಾಯಿಯೊಬ್ಬಳು ಎತ್ತಿ ಆಡಿಸುವುದರಲ್ಲಿ. ಇಲ್ಲಿ ದೇವರಿಗೆ ಮನುಷ್ಯರ ಅಗತ್ಯ ಬಿತ್ತಲ್ಲವೇ ಎಂದು ಕೇಳಬಹುದು. ದಾಸರು ಒಪ್ಪುವುದಿಲ್ಲ. ಹಸಿವೂ ಅವನ ಆಟ, ಅಳುವೂ ಆಟ. ಉದ್ಧಾರವಾದದ್ದು ಆಡಿಸಿದ ಯಶೋದೆ. ಲೂರಿಯಾ ಕಥನದಲ್ಲಿ ಚೂರಾದದ್ದು ದೇವರ ಬೆಳಕೇ, ಎತ್ತುವವನು ಮನುಷ್ಯ. ವ್ಯಾಸತೀರ್ಥರಂಥ ತರ್ಕಪಟುವಿನ ಮುಂದೆ ಆ ಕಥನ ಬಂದಿದ್ದರೆ ಪೂರ್ಣನಿಗೆ ಒಡೆಯುವ ಪಾತ್ರೆ ಎಲ್ಲಿಂದ ಬಂತು ಎಂಬ ಒಂದು ಪ್ರಶ್ನೆಯಲ್ಲೇ ಮುಗಿಸುತ್ತಿದ್ದರೋ ಏನೋ. ಎಲ್ಲವೂ ಹರಿಯ ಅಧೀನವೆಂದು ನಂಬಿದ ಅದೇ ವ್ಯಾಸತೀರ್ಥರು ಕೃಷ್ಣದೇವರಾಯ ದಾನ ಕೊಟ್ಟ ಊರುಗಳನ್ನು ನಡೆಸಿದರು, ವ್ಯಾಸಸಮುದ್ರವೆಂಬ ಕೆರೆ ಇಂದಿಗೂ ಅವರ ಹೆಸರು ಹೊತ್ತಿದೆ. ದೇವರಿಗೆ ಬೇಡದ ಕೆಲಸವನ್ನೂ ಮನುಷ್ಯರು ಶ್ರದ್ಧೆಯಿಂದ ಮಾಡಬಲ್ಲರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಶರಣರ ಕಡೆ ತಿರುಗಿದರೆ ಹೋಲಿಕೆ ಇನ್ನಷ್ಟು ಹತ್ತಿರವಾಗುತ್ತದೆ, ತೊಡಕೂ ಹೆಚ್ಚುತ್ತದೆ. ಮಾಗಡಿಯ ನೆರೆಯ ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳು 15-16ನೇ ಶತಮಾನದಲ್ಲಿ ಷಟ್‌ಸ್ಥಲವನ್ನು ಹೊಸದಾಗಿ ಶಾಸ್ತ್ರಬದ್ಧವಾಗಿ ನಿಲ್ಲಿಸಿದರು. ಅವರ ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿ ಸುಮಾರು 700 ವಚನಗಳಿವೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಮೂರನೆಯದು. ಪ್ರಸಾದಿ ಯಾವುದನ್ನೂ ನೇರವಾಗಿ ಉಣ್ಣುವುದಿಲ್ಲ. ರುಚಿ, ರೂಪ, ಸ್ಪರ್ಶ ಯಾವುದೇ ಇರಲಿ ಮೊದಲು ಲಿಂಗಕ್ಕೆ ಅರ್ಪಿಸುತ್ತಾನೆ. ಅರ್ಪಿಸುವ ಮೊದಲು ಅದು ಪದಾರ್ಥ, ಅರ್ಪಿಸಿದ ಮೇಲೆ ಪ್ರಸಾದ. ವಸ್ತುವಿನ ತೂಕ, ಬಣ್ಣ ಬದಲಾಗಿಲ್ಲ, ಆದರೆ ಅದು ಮೊದಲಿನ ವಸ್ತುವಲ್ಲ. ಹಸೀದಿಯೊಬ್ಬ ರೊಟ್ಟಿಯ ಮೇಲೆ ಮಂತ್ರ ಹೇಳಿ ತಿನ್ನುವಾಗ ಅದರಲ್ಲಿ ಸಿಕ್ಕಿಬಿದ್ದ ಕಿಡಿ ಮೇಲೇರಿತೆಂದು ನಂಬುತ್ತಾನೆ. ಎರಡೂ ಕಡೆ ಊಟದಂಥ ಸಾಮಾನ್ಯ ಕ್ರಿಯೆಯೇ ಸಾಧನೆಯ ಜಾಗ, ಉಪವಾಸವಲ್ಲ. ಎರಡೂ ಕಡೆ ಬದಲಾಗುವುದು ತಿನ್ನುವವನ ಮನಸ್ಸು ಮಾತ್ರವಲ್ಲ, ತಿನ್ನುವ ವಸ್ತುವೂ. ಇಲ್ಲಿ ಶರಣರು ಮಾಧ್ವರಿಗಿಂತ ಸಫೇದಿಗೆ ಒಂದು ಹೆಜ್ಜೆ ಹತ್ತಿರ. ಕೂದಲೆಳೆಯ ವ್ಯತ್ಯಾಸವೊಂದು ಮಾತ್ರ ಉಳಿಯುತ್ತದೆ: ಶರಣನ ಪದಾರ್ಥದೊಳಗೆ ಶಿವ ಸಿಕ್ಕಿಬಿದ್ದು ಬಿಡುಗಡೆಗೆ ಕಾಯುತ್ತಿಲ್ಲ. ಶಿವನದ್ದನ್ನು ಶಿವನಿಗೇ ಕೊಡುವುದಷ್ಟೇ ಅಲ್ಲಿ ನಡೆಯುವುದು.

ದುಡಿಮೆಯ ವಿಷಯದಲ್ಲಂತೂ ಲುತ್ಸಾತ್ತೊ ಮತ್ತು ಶರಣರು ಎದುರುಬದುರು ಕೂತು ಮಾತಾಡಬಹುದಿತ್ತು. ಕಾಯಕವಿಲ್ಲದವನಿಗೆ ಪ್ರಸಾದವಿಲ್ಲ ಎಂಬುದು ಶರಣರ ನೇಮ. ಪುಕ್ಕಟೆ ಉಂಡವನಿಗೆ ನಾಚಿಕೆಯೆಂಬುದು ಲುತ್ಸಾತ್ತೊ ತರ್ಕ. ಆಯ್ದಕ್ಕಿ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳುಹಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಲುತ್ಸಾತ್ತೊ ಮಾತಿಗೆ ಆಕೆ ಸೇರಿಸಿದ್ದು ಒಂದಿದೆ. ದುಡಿಯದೆ ತಿನ್ನುವುದು ನಾಚಿಕೆಗೇಡು, ದುಡಿದು ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೂ ಅಷ್ಟೇ. ಕಾಯಕದ ಜೊತೆ ದಾಸೋಹ ಬರುವುದು ಈ ಕಾರಣಕ್ಕೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತು, 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಬದುಕು ಈ ಜೋಡಿಯ ಇತ್ತೀಚಿನ ದೊಡ್ಡ ನಿದರ್ಶನ. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಆ ಮಠದಲ್ಲಿ ಪೂಜೆಯನ್ನೂ ಅಡುಗೆಮನೆಯನ್ನೂ ಬೇರ್ಪಡಿಸಿ ನೋಡಲಾಗದು. ರಾಮನಗರದ ಬಿಡದಿ ಸೀಮೆಯ ಬಾನಂದೂರಿನಲ್ಲಿ ಹುಟ್ಟಿ ಆದಿಚುಂಚನಗಿರಿಯ ನಾಥಪೀಠವೇರಿದ ಬಾಲಗಂಗಾಧರನಾಥ ಸ್ವಾಮೀಜಿಯವರೂ ಶಾಲೆ, ಆಸ್ಪತ್ರೆಗಳ ದಾರಿಯಲ್ಲೇ ನಡೆದರು. ಸನ್ಯಾಸಿಯೆಂದರೆ ಲೋಕ ಬಿಟ್ಟವನು ಎಂಬ ಸೂತ್ರವನ್ನು ಇವರಿಬ್ಬರಿಗೂ ಹಚ್ಚಲು ಹೋದವರು ಸೂತ್ರವನ್ನೇ ತಿದ್ದಿಕೊಳ್ಳಬೇಕಾಗುತ್ತದೆ.

ಪಂಡಿತರ ಮಾತು ಹಾಗಿರಲಿ, ಈ ಸೀಮೆಯ ಮನೆಮನೆಯಲ್ಲಿ ಓಡಾಡುವ ಉತ್ತರ ಋಣ. ಯಾರ ಮನೆಯಲ್ಲಿ ಹುಟ್ಟಬೇಕು, ಯಾರನ್ನು ಕಟ್ಟಿಕೊಳ್ಳಬೇಕು, ಯಾವ ಊರಿನ ನೀರು ಕುಡಿಯಬೇಕು ಎಂಬುದೆಲ್ಲ ಹಿಂದಿನ ಲೆಕ್ಕ. ಲೆಕ್ಕ ಚುಕ್ತವಾದರೆ ಋಣ ಹರಿಯಿತು. ವಿಟಾಲ್ ಬರೆದಿಟ್ಟ ಪುನರ್ಜನ್ಮದ ಲೆಕ್ಕಕ್ಕೂ ಇದಕ್ಕೂ ಹೋಲಿಕೆ ಎದ್ದು ಕಾಣುತ್ತದೆ. ಆದರೆ ವಿಟಾಲ್‌ನ ಜೀವ ತೀರಿಸುವುದು ವಿಧಿಯ ಬಾಕಿಯನ್ನು, ನಮ್ಮ ಹಳ್ಳಿಯ ಜೀವ ತೀರಿಸುವುದು ಮನುಷ್ಯರ, ದನಕರುಗಳ, ನೆಲದ ಬಾಕಿಯನ್ನು. ಚನ್ನಪಟ್ಟಣದ ಸೂಫಿಗಳ ಕಡೆ ಇದೇ ಹೊಣೆ ಇನ್ನೊಂದು ರೂಪದಲ್ಲಿದೆ. ಊರಿನ ಉತ್ತರಕ್ಕೆ ಟಿಪ್ಪುವಿನ ಗುರುವೆಂದು ಹೆಸರಾದ ಅಕಿಲ್ ಶಾ ಖಾದ್ರಿಯವರ ಗೋರಿಯಿದೆ. ಖಾದಿರಿ ಪರಂಪರೆ ಓದುವ ಕುರಾನಿನಲ್ಲಿ ಆಕಾಶ, ಭೂಮಿ, ಬೆಟ್ಟಗಳು ಹೊರಲೊಲ್ಲದ ನಂಬಿಕೆಯ ಹೊರೆಯೊಂದನ್ನು ಮನುಷ್ಯ ಹೊತ್ತುಕೊಂಡ ಪ್ರಸ್ತಾಪ ಬರುತ್ತದೆ. ಸೂಫಿಗಳು ಇದರ ಜೊತೆ ಗುಪ್ತನಿಧಿಯಾಗಿದ್ದ ದೇವರು ತನ್ನನ್ನು ಅರಿಯುವವರು ಬೇಕೆಂದು ಲೋಕ ಹುಟ್ಟಿಸಿದನೆಂಬ ಮಾತನ್ನೂ ಜೋಡಿಸುತ್ತಾರೆ. ದೇವರಿಗೆ ಬಯಕೆ ಹುಟ್ಟಿತೆಂದು ಹೇಳುವಲ್ಲಿ ಅವರು ಸಫೇದಿನ ಹೊಸ್ತಿಲಿಗೆ ಬಂದು ನಿಂತಂತಾಯಿತು, ಒಳಗೆ ಹೋಗಲಿಲ್ಲ.

ಈ ಹೋಲಿಕೆಗೆ ಇತಿಹಾಸಕಾರರ ಆಕ್ಷೇಪವೊಂದಿದೆ. ಒಡೆದ ದೇವರ ಕಥನ ಹುಟ್ಟಿದ್ದು ದರ್ಶನದಿಂದಲ್ಲ, ದುಃಖದಿಂದ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಜನ ತಮ್ಮ ಗಡೀಪಾರನ್ನು ದೇವರ ಗಡೀಪಾರಾಗಿ ಕಂಡರು ಎಂಬುದು 1941ರಲ್ಲಿ ಗೆರ್ಶೋಮ್ ಶೋಲೆಮ್ ಮಂಡಿಸಿದ ಪ್ರಸಿದ್ಧ ವಾದ. ಅದು ನಿಜವಾದರೆ, ಅಂಥ ದುಃಖ ಕಾಣದ ಕನ್ನಡ ಸೀಮೆಯ ಜೊತೆ ಅದನ್ನು ಹೋಲಿಸಿ ಪ್ರಯೋಜನವೇನು? ಶೋಲೆಮ್ ವಾದ ಆಕರ್ಷಕ, ಆದರೆ ಗಟ್ಟಿಯಲ್ಲ. ಲೂರಿಯಾ ಬಳಸಿದ ಕಲ್ಪನೆಗಳು ಗಡೀಪಾರಿಗಿಂತ ಹಳೆಯವು ಎಂದು ಮೋಶೆ ಇಡೆಲ್ 1988ರಲ್ಲಿ ಪ್ರಶ್ನಿಸಿದರು. ನಮ್ಮ ಕಡೆಯ ಸಾಕ್ಷ್ಯವೂ ಇಡೆಲ್ ಪರವಾಗಿಯೇ ಇದೆ. 1565ರಲ್ಲಿ ವಿಜಯನಗರ ಬಿದ್ದದ್ದು ರಾಜ್ಯನಾಶ, ಜನಾಂಗದ ಗಡೀಪಾರಲ್ಲ, ಅದನ್ನು ಬಿಡೋಣ. 12ನೇ ಶತಮಾನದಲ್ಲಿ ಕಲ್ಯಾಣ ಕೆಟ್ಟಾಗ ಶರಣರು ದಿಕ್ಕಾಪಾಲಾಗಿ ಚದುರಿದ್ದು ಗಡೀಪಾರಿಗೆ ತೀರಾ ದೂರದ್ದಲ್ಲ. ಆ ನೆನಪಿನಿಂದ ಹುಟ್ಟಿದ್ದು ಒಡೆದ ಶಿವನ ಕಥನವಲ್ಲ, ಚೆಲ್ಲಾಪಿಲ್ಲಿಯಾದ ವಚನಗಳನ್ನು ಕೂಡಿಸುವ ಕೆಲಸ. 15-16ನೇ ಶತಮಾನಗಳಲ್ಲಿ ‘ಶೂನ್ಯಸಂಪಾದನೆ’ ಮತ್ತೆ ಮತ್ತೆ ಸಂಕಲನವಾಯಿತು. ಕೊನೆಯದನ್ನು ಸಿದ್ಧಪಡಿಸಿದ ಗೂಳೂರು ಸಿದ್ಧವೀರಣ್ಣೊಡೆಯರು ಎಡೆಯೂರಿನ ಸಿದ್ಧಲಿಂಗ ಯತಿಗಳ ಪರಂಪರೆಯವರು. ಒಂದೇ ಬಗೆಯ ಪೆಟ್ಟು ಎರಡು ಜನರ ಮೇಲೆ ಬಿದ್ದಾಗ ಎರಡು ಬಗೆಯ ಉತ್ತರ ಬರುವುದಾದರೆ ಪೆಟ್ಟೊಂದೇ ಕಾರಣವೆನ್ನಲಾಗದು. ಪೆಟ್ಟು ಬೀಳುವ ಮೊದಲೇ ದೇವರ ಬಗ್ಗೆ ಏನೇನು ಹೇಳಲು ಸಾಧ್ಯವಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಚುಚ್ಚುವಂಥದ್ದು. ಪ್ರತಿ ಜೀವಕ್ಕೂ ಗೊತ್ತುಪಡಿಸಿದ ಕೆಲಸವಿದೆ ಎಂದರೆ ಜಲಗಾರ ಜಲಗಾರನಾಗಿಯೇ ಇರಲಿ ಎಂದಂತಾಗಲಿಲ್ಲವೇ? ದ್ವೈತ ಈ ಆಕ್ಷೇಪದಿಂದ ಸುಲಭವಾಗಿ ತಪ್ಪಿಸಿಕೊಳ್ಳಲಾರದು. ಜೀವಗಳ ತಾರತಮ್ಯ ಅದಕ್ಕೆ ಅನಾದಿ, ಅಷ್ಟೇ ಅಲ್ಲ, ಮುಕ್ತಿಗೆ ಅರ್ಹರು, ಸದಾ ಸಂಸಾರದಲ್ಲೇ ಸುತ್ತುವವರು, ಕತ್ತಲಿಗೇ ತಕ್ಕವರು ಎಂದು ಮೂರು ಬಗೆ. ಕೊನೆಯ ಬಗೆಯ ಜೀವಕ್ಕೆ ಲೋಕದಲ್ಲಿ ಏನು ಕೆಲಸವೆಂದರೆ ತನ್ನ ಕೆಟ್ಟ ಸ್ವರೂಪವನ್ನು ಹೊರತೆಗೆಯುವುದು! ಭಕ್ತಿಯ ಎಷ್ಟು ಕೀರ್ತನೆ ಹಾಡಿದರೂ ಈ ಮುಳ್ಳು ಮೊಂಡಾಗುವುದಿಲ್ಲ. ಕಬಾಲಾ ಎಂಬ ಈ ಯಹೂದಿ ಅನುಭಾವದ ಬಗ್ಗೆ ಮೆಚ್ಚಿ ಬರೆಯುವವರು ಸಾಮಾನ್ಯವಾಗಿ ಮುಚ್ಚಿಡುವ ಸಂಗತಿಯೂ ಇಲ್ಲೇ ಹೇಳಬೇಕಾದದ್ದು: ಲೋಕವನ್ನೆಲ್ಲ ಸರಿಪಡಿಸುವ ಮಾತಾಡುವ ‘ತನ್ಯಾ’ ಯಹೂದಿಯ ಆತ್ಮಕ್ಕೂ ಉಳಿದವರ ಆತ್ಮಕ್ಕೂ ಮೂಲದಲ್ಲೇ ಭೇದ ಹೇಳುತ್ತದೆ. ಇಂದು ಪರಿಸರ, ಸಮಾಜಸೇವೆಗಳ ಘೋಷಣೆಯಾಗಿರುವ ತಿಕ್ಕುನ್ ಸಫೇದಿನಲ್ಲಿ ಆ ಅರ್ಥದ್ದಾಗಿರಲಿಲ್ಲ. ಅಲ್ಲಿ ಅದು ವಿಧಿ ಆಚರಿಸುವವರ ಗುಟ್ಟಿನ ವ್ರತ. ಈ ಪರೀಕ್ಷೆಯಲ್ಲಿ ಕಾಯಕಕ್ಕೆ ಸ್ವಲ್ಪ ಹೆಚ್ಚು ಅಂಕ ಕೊಡಬಹುದು. ಕಾಯಕ ಯಾವುದಾದರೂ ಸಮಾನವೆಂದ ಶರಣರು ಹುಟ್ಟಿಗೂ ಯೋಗ್ಯತೆಗೂ ಇದ್ದ ಗಂಟನ್ನು ಬಿಚ್ಚಿದರು. ಅವರ ಹೆಸರಿನ ಸಮಾಜವೇ ಮುಂದೆ ಆ ಗಂಟನ್ನು ಮತ್ತೆ ಹಾಕಿಕೊಂಡದ್ದು ಬೇರೆ ಕತೆ. ದರ್ಶನದ ಒಳಗೆ ಬಿಚ್ಚಲು ದಾರಿಯಿತ್ತೇ ಎಂಬುದು ಇಲ್ಲಿನ ಪ್ರಶ್ನೆ, ಮತ್ತು ಇತ್ತು.

ಹಾಗಾದರೆ ದೇವರಿಗೆ ನಮ್ಮ ಕೆಲಸ ಬೇಕೆನ್ನುವುದೇ ಹೆಚ್ಚು ಉದಾರವಾದ ನಿಲುವಲ್ಲವೇ, ಮನುಷ್ಯನಿಗೆ ಅದು ಎಷ್ಟು ದೊಡ್ಡ ಜಾಗ ಕೊಡುತ್ತದೆ ಎಂದು ಕೇಳುವವರಿದ್ದಾರೆ. ಅದರ ಬೆಲೆಯನ್ನೂ ನೋಡಬೇಕು. 1665ರಲ್ಲಿ ಸ್ಮಿರ್ನಾದ ಶಬ್ಬತಾಯ್ ತ್ಸ್ವಿ ತಾನೇ ಮೆಸ್ಸೀಯನೆಂದು ಸಾರಿಕೊಂಡಾಗ ಕಿಡಿ ಎತ್ತುವ ಕೆಲಸ ಮುಗಿಯುತ್ತ ಬಂತೆಂದು ಯೂರೋಪಿನಿಂದ ಯೆಮನ್‌ವರೆಗೆ ಯಹೂದಿಯರು ಮನೆಮಾರು ಮಾರಿ ಕಾದರು. ಮರುವರ್ಷ ಸುಲ್ತಾನನ ಮುಂದೆ ಆತ ಇಸ್ಲಾಮಿಗೆ ಮತಾಂತರವಾದ. ಆತನ ಪ್ರವಾದಿ ಗಾಜಾದ ನಾಥನ್ ಅದಕ್ಕೂ ಲೂರಿಯಾ ಮಾತಿನಲ್ಲೇ ವಿವರಣೆ ಕೊಟ್ಟ: ಕೊನೆಯ ಕಿಡಿಗಳನ್ನು ತರಲು ಮೆಸ್ಸೀಯ ಸಿಪ್ಪೆಯ ಒಳಗೇ ಇಳಿಯಬೇಕಾಯಿತಂತೆ. ದೇವರ ಕೆಲಸ ತನ್ನ ಕೈಯಲ್ಲಿದೆ ಎಂದು ನಂಬಿದವನು ಯಾವ ತಪ್ಪನ್ನಾದರೂ ಆ ಕೆಲಸದ ಭಾಗವೆಂದು ತೋರಿಸಬಲ್ಲ. ಲೀಲೆಯ ದೇವರಲ್ಲಿ ಈ ಅಪಾಯ ಕಡಿಮೆ. ಅಲ್ಲಿನ ಅಪಾಯ ಬೇರೆ: ಎಲ್ಲವೂ ಅವನ ಆಟವೆಂದು ಪಕ್ಕದ ಮನೆಯ ಹಸಿವನ್ನೂ ಆಟದ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು.

ಇಷ್ಟರಲ್ಲಿ ಈ ಸೀಮೆಯಲ್ಲಿ ದೇವರಿಗೆ ಬೇಕು ಎಂದವರೇ ಇಲ್ಲವೆಂಬ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ಅವರು ಮಠಗಳಲ್ಲಿ ಸಿಗುವುದಿಲ್ಲ, ಅಷ್ಟೇ. ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ಹಾಡುವಾಗ ಗುರುವನ್ನು ಧರೆಗೆ ದೊಡ್ಡವರು ಎಂದು ಕರೆಯುತ್ತಾರೆ. ಲೋಕ ಹುಟ್ಟಿಸಿದ ಆ ದೊಡ್ಡವರೇ ಕೊಳಕು ಜಂಗಮನ ವೇಷದಲ್ಲಿ ಕಲ್ಯಾಣಕ್ಕೆ ಹೋಗಿ ಬೇಡುತ್ತಾರೆ, ಮೂಗು ಮುಚ್ಚಿಕೊಂಡ ಶರಣರ ಪೊಳ್ಳು ಬಯಲಾಗುತ್ತದೆ. ಮುಂದೆ ಚನ್ನಪಟ್ಟಣ ದಾಟಿದರೆ ಸಿಗುವ ನಿಡಘಟ್ಟದ ಕೆಂಪಾಚಾರಿಯನ್ನು ತಾಯಿಯ ಮಡಿಲಿನಿಂದ ಗುರುಮನೆ ಕೇಳಿ ಪಡೆಯುತ್ತದೆ; ಸಿದ್ದಪ್ಪಾಜಿಯಾದ ಅವನನ್ನು ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಅಟ್ಟುತ್ತದೆ. ಕಬ್ಬಿಣ ಇಲ್ಲವೆಂದು ಪಾಂಚಾಳರು ಸುಳ್ಳಾಡುತ್ತಾರೆ, ವಿಷ ಇಕ್ಕುತ್ತಾರೆ, ಒಂದಾದ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಎಲ್ಲ ಗೆದ್ದ ಮೇಲೂ ಸಿದ್ದಪ್ಪಾಜಿಗೆ ಮೋಕ್ಷ ಸಿಕ್ಕಿತು ಎಂಬಲ್ಲಿಗೆ ಕತೆ ನಿಲ್ಲುವುದಿಲ್ಲ; ಕಬ್ಬಿಣ ಗುರುವಿನ ಮಠಕ್ಕೆ ಹೋಗಿ ಮುಟ್ಟಬೇಕು. ಇದು ಬರೀ ಕತೆಯ ಹಿಕಮತ್ತು, ಲೋಕ ಹುಟ್ಟಿಸಿದವರಿಗೆ ಕಬ್ಬಿಣಕ್ಕೆ ಬರವೇ, ಶಿಷ್ಯನನ್ನು ಪರೀಕ್ಷಿಸಲು ಹೂಡಿದ ನೆಪ ಎಂದು ಪಂಡಿತರು ಹೇಳಬಹುದು. ಕಾವ್ಯ ಮಾತ್ರ ಹಾಗೆ ಹೇಳುವುದಿಲ್ಲ. ಹಾಡುವವರಿಗೂ ಕೇಳುವವರಿಗೂ ಗುರುಮನೆಯ ಕೆಲಸ ನಿಂತಿರುವುದು ಕಬ್ಬಿಣ ಇಲ್ಲದ್ದಕ್ಕೆ, ಮತ್ತು ಅದನ್ನು ತರಬಲ್ಲವನು ಸಿದ್ದಪ್ಪಾಜಿ ಒಬ್ಬನೇ. ವ್ಯಾಸತೀರ್ಥರ ತರ್ಕವೂ ಷಟ್‌ಸ್ಥಲದ ಶಾಸ್ತ್ರವೂ ಹೇಳಲು ಹಿಂಜರಿದ ಮಾತನ್ನು ಈ ಸೀಮೆಯಲ್ಲಿ ಹೇಳಿದವರು ಬಹುಪಾಲು ಅಕ್ಷರ ಕಾಣದ ನೀಲಗಾರರು, ಮತ್ತು ಸಫೇದಿಗೆ ಇಲ್ಲಿಂದ ಅತಿ ಹತ್ತಿರದ ದಾರಿ ಇರುವುದು ಅವರ ಹಾಡಿನಲ್ಲೇ.